ಗದ್ವಾಲದ ಅಣ್ಣನ ಬಲಗಾಲು

ಸುಟ್ಟ ವಾಸನೆ ಮೊದಲು ಬಂದದ್ದು ನನ್ನ ಮೂಗಿಗೆ. ದೂರದ ಪ್ರಯಾಣದ ತಾಲೀಮಿಗೆಂದು ಹೊರಟು ಜುರಾಲಾ ಡ್ಯಾಮಿನ ಹತ್ತಿರ ಮೂರೂ ಗಾಡಿಗಳನ್ನು ರಸ್ತೆ ಬದಿಗೆ ನಿಲ್ಲಿಸಿ ಚಹಾ ಕುಡಿಯುತ್ತಿದ್ದೆವು. ಬೆಳಿಗ್ಗೆ ಎಂಟು ಗಂಟೆ ಇರಬೇಕು. ಗದ್ವಾಲದ ಅಣ್ಣ ಆಗಷ್ಟೇ ನೀರಿಗಿಳಿದು ಮುಖ ತೊಳೆದು ಬಂದಿದ್ದ. ಪ್ಯಾಂಟು ಮೊಣಕಾಲಿನ ತನಕ ಮಡಚಿದ್ದು ಹಾಗೇ ಇತ್ತು. ತನ್ನ ಮೋಟಾರ್ ಸೈಕಲ್ಲಿಗೆ ಒರಗಿ ನಿಂತು, ನಾವು ಹೊರಡಲಿದ್ದ ಕನ್ಯಾಕುಮಾರಿಯ ದಾರಿಯಲ್ಲಿ ಮೊದಲ ದಿನ ಎಲ್ಲಿ ಉಳಿಯಬೇಕೆಂದು ಕೈ ಬೀಸಿ ಬೀಸಿ ಹೇಳುತ್ತಿದ್ದ. ನಾನು ಚಹಾದ ಒಲೆಯ ಕಡೆ ನೋಡಿದೆ. ಅಲ್ಲೇನೂ ಸುಡುತ್ತಿರಲಿಲ್ಲ. ಆಮೇಲೆ ಕೆಳಗೆ ನೋಡಿದೆ. ಅಣ್ಣನ ಬಲಗಾಲಿನ ಬರಿ ಕಣಕಾಲು ಸೈಲೆನ್ಸರಿಗೆ ಒತ್ತಿಕೊಂಡಿತ್ತು.

"ಅಣ್ಣಾ, ಕಾಲು!" ಎಂದು ಕೂಗಿ ಅವನ ತೋಳು ಹಿಡಿದು ಎಳೆದೆ.

ಅವನು ಮೊದಲು ನನ್ನ ಮುಖ ನೋಡಿದ. ಆಮೇಲೆ ತನ್ನ ಕಾಲನ್ನು ನೋಡಿದ, ಬೇರೆ ಯಾರದೋ ಕಾಲು ನೋಡುವ ಹಾಗೆ. ಚರ್ಮ ಬೆಳ್ಳಗಾಗಿ ಎದ್ದಿತ್ತು. ಅವನ ಕೈಯಲ್ಲಿದ್ದ ಚಹಾ ಒಂದು ಹನಿಯೂ ಚೆಲ್ಲಿರಲಿಲ್ಲ.

"ಏನಾಗಿಲ್ಲ ಬಿಡು, ಮೆಕ್ಯಾನಿಕ್ಕನ ಚರ್ಮ ಇದು," ಎಂದು ನಕ್ಕು ಪ್ಯಾಂಟು ಕೆಳಗೆ ಬಿಟ್ಟ. ನಮ್ಮ ಜೊತೆಗಿದ್ದ ನಾರಾಯಣಪೇಟೆಯ ಸೀರೆ ಸಾವಕಾರರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಮೂವತ್ತು ವರ್ಷ ಸರಕಾರಿ ನರ್ಸ್ ಆಗಿದ್ದವಳು. ಸುಟ್ಟ ಗಾಯವನ್ನು ಸಾಕಷ್ಟು ನೋಡಿದ್ದೇನೆ. ಅಷ್ಟು ಸುಟ್ಟರೂ ಚೀರದ ಮನುಷ್ಯನನ್ನು ನೋಡಿದರೆ ನನಗೆ ಬರುವ ಹೆದರಿಕೆಯೇ ಬೇರೆ.

ಅಣ್ಣ ಎಂದರೆ ನನ್ನ ಒಡಹುಟ್ಟಿದವನಲ್ಲ. ಅವನ ಪರಿಚಯವಾದಾಗ ನಾನು ಮದುವೆಯಾಗಿ ರಾಯಚೂರಿನ ಕಡೆಯಿಂದ ಮಕ್ತಲ್‌ಗೆ ಬಂದು ಎರಡು ವರ್ಷವಾಗಿತ್ತು. ಕೃಷ್ಣಾ ಹೊಳೆಯ ದಂಡೆಯ ಹಳ್ಳಿಗಳಿಗೆ ಲಸಿಕೆಯ ಡಬ್ಬಿ ಹೊತ್ತುಕೊಂಡು ಹೋಗುವ ಕೆಲಸ ನನ್ನದು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಡಬ್ಬಿಯೊಳಗಿನ ಮಂಜುಗಡ್ಡೆ ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಆಗ ಮಕ್ತಲ್ ಬಸ್ ಸ್ಟ್ಯಾಂಡಿನ ಹಿಂದೆ ಅಣ್ಣನದೊಂದು ರಿಪೇರಿ ಅಂಗಡಿ ಇತ್ತು. ಒಂದು ದಿನ ಡಬ್ಬಿ ಮುಂದಿಟ್ಟುಕೊಂಡು ಅಳು ಬರುವಂತೆ ಕುಳಿತಿದ್ದವಳನ್ನು ನೋಡಿ, "ನರ್ಸಮ್ಮ, ಹಿಂಗ ಕುಂತ್ರ ಆಗೂದಿಲ್ಲ. ಗಾಡಿ ಹೊಡಿಯಾಕ ಕಲಿ," ಅಂದ. ಮಾರ್ಕೆಟ್ ಯಾರ್ಡಿನ ಖಾಲಿ ಬಯಲಿನಲ್ಲಿ ಎಂಟು ದಿನ ಕಲಿಸಿದ. ಸೀರೆ ಉಟ್ಟ ಹೆಂಗಸು ಗಾಡಿ ಕಲಿಯುವುದನ್ನು ನೋಡಲು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಜನ ಕೂತಿರುತ್ತಿದ್ದರು. ಬಿದ್ದಾಗ ಯಾರಾದರೂ ನಕ್ಕರೆ ಅಣ್ಣ ಸ್ಪ್ಯಾನರ್ ಎತ್ತಿ ತೋರಿಸುತ್ತಿದ್ದ.

ಅಲ್ಲಿಂದ ಹತ್ತಿದ ಹುಚ್ಚು ಇಳಿಯಲೇ ಇಲ್ಲ. ಅಣ್ಣ ಅಂಗಡಿಯನ್ನು ಗದ್ವಾಲಕ್ಕೆ ಒಯ್ದ ಮೇಲೂ ಭಾನುವಾರ ಬಂದರೆ ಎಲ್ಲಿಗಾದರೂ ಒಂದು ಸುತ್ತು ಹೊರಡುತ್ತಿದ್ದೆವು. ಸೀರೆ ಸಾವಕಾರರು ಸೇರಿಕೊಂಡದ್ದು ಹೀಗೇ. ಮಕ್ತಲ್ ಸಂತೆಗೆ ಗಾಡಿಯ ಮೇಲೆ ಸೀರೆ ಗಂಟು ಹೇರಿಕೊಂಡು ಬರುತ್ತಿದ್ದರು. ಆ ಗಾಡಿಗೆ ಬೀಳುತ್ತಿದ್ದಷ್ಟು ಒರೆಸುಬಟ್ಟೆ ಅವರ ಅಂಗಡಿಯ ಗಾಜಿಗೂ ಬೀಳುತ್ತಿರಲಿಲ್ಲ. ನನ್ನ ಯಜಮಾನರು ಬದುಕಿದ್ದಷ್ಟು ದಿನ ನಮ್ಮನ್ನು ನೋಡಿ, "ಮೂರು ಮಂದಿಗೂ ಪೆಟ್ರೋಲ್ ವಾಸನಿ ಇಲ್ಲಂದ್ರ ಊಟ ಸೇರೂದಿಲ್ಲ," ಎನ್ನುತ್ತಿದ್ದರು.

ಜುರಾಲಾದ ಆ ಬೆಳಗಿನ ಹೊತ್ತಿಗೆ ತೆಲಂಗಾಣ ಬೇರೆ ರಾಜ್ಯವಾಗಿ ಒಂದೆರಡು ವರ್ಷವಾಗಿತ್ತು. ನಾನು ನಿವೃತ್ತಳಾಗಿದ್ದೆ. ನಮ್ಮ ಸೀಮೆಯಲ್ಲಿ ಹುಟ್ಟಿನಿಂದಲೇ ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ಥಲಸ್ಸೀಮಿಯಾ ಕಾಯಿಲೆಯ ಮಕ್ಕಳು ಕೆಲವರಿದ್ದರು. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು, ಇಲ್ಲದಿದ್ದರೆ ಏಳುವುದಿಲ್ಲ. ಅವರ ತಾಯಂದಿರ ಜೊತೆ ನಾನು ರಾಯಚೂರಿನ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ರಕ್ತ ಇಲ್ಲ ಎನ್ನಿಸಿಕೊಂಡು ಮರಳಿದ್ದೂ ಇದೆ. ಈ ಮಾತು ಒಂದು ಭಾನುವಾರ ಬಂದಾಗ ಅಣ್ಣ, "ನಮ್ಮ ಹುಚ್ಚು ಯಾರಿಗರ ಉಪಯೋಗ ಆಗ್ಲಿ," ಅಂದ. ಕನ್ಯಾಕುಮಾರಿಯ ತನಕ ಗಾಡಿಯ ಮೇಲೆ ಹೋಗುವುದು, ದಾರಿಯ ಊರುಗಳ ಕಾಲೇಜುಗಳಲ್ಲಿ ಇಳಿದು ರಕ್ತದಾನದ ಶಿಬಿರ ಮಾಡಿಸುವುದು, ಹೊರಡುವ ದಿನ ಮಕ್ತಲ್‌ನಲ್ಲಿ, ಮರಳುವ ದಿನ ಗದ್ವಾಲದಲ್ಲಿ ನಮ್ಮವರಿಂದಲೇ ರಕ್ತ ಕೊಡಿಸುವುದು. ಮೂವರಿಗೂ ಅರವತ್ತರ ಆಸುಪಾಸು. ಅರವತ್ತರವರು ಅಷ್ಟು ದೂರ ಹೋಗುತ್ತಾರೆಂದರೆ ಇಪ್ಪತ್ತರವರಿಗೆ ತೋಳು ಚಾಚಲು ನಾಚಿಕೆಯಾಗಲಿ ಎಂಬುದು ಅಣ್ಣನ ಲೆಕ್ಕ. ಮುಂದೆ ಅವನ ಗಾಡಿ, ನಡುವೆ ಸಾವಕಾರರು, ಕೊನೆಗೆ ನಾನು. ಹೊರಡುವ ದಿನವೂ ನಿಗದಿಯಾಯಿತು.

ಜುರಾಲಾದಿಂದ ಬಂದ ಎರಡನೇ ದಿನ ಗಾಯಕ್ಕೆ ಕಟ್ಟುವ ಸಾಮಾನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಗದ್ವಾಲಕ್ಕೆ ಹೋದೆ. ಅಣ್ಣ ಅಂಗಡಿಯಲ್ಲಿ ಒಬ್ಬನೇ ಇದ್ದ. ಸುಟ್ಟ ಗಾಯ ಅಷ್ಟೇನೂ ಆಳವಾಗಿರಲಿಲ್ಲ. ಅದನ್ನು ತೊಳೆದು ಕಟ್ಟಿ, ಪಾದ ಎತ್ತಿ ಅಡಿ ನೋಡಿದೆ. ಕಿರುಬೆರಳಿನ ಬುಡದಲ್ಲಿ ಜೋಳದ ಕಾಳಿನಷ್ಟು ಕರಿ ಕಲೆ. ಒತ್ತಿದರೆ ಒಳಗಿನಿಂದ ತೇವ ಬಂತು.

"ಇದು ಯಾವಾಗ ಆತು?"

"ಯಾವುದು?" ಅಂದ.

"ಕಣ್ಣು ಮುಚ್ಚು," ಅಂದೆ. "ಹತ್ತಿ ಮುಟ್ಟಿಸ್ತೀನಿ. ಮುಟ್ಟಿದಾಗೊಮ್ಮೆ ಹ್ಞೂಂ ಅನ್ನು."

ಅವನು ಕಣ್ಣು ಮುಚ್ಚಿದ. ನಾನು ಹತ್ತಿಯ ತುದಿಯಿಂದ ಹೆಬ್ಬೆರಳು ಮುಟ್ಟಿದೆ. ಅಂಗಾಲು ಮುಟ್ಟಿದೆ. ಹಿಮ್ಮಡಿ ಮುಟ್ಟಿದೆ. ಹತ್ತಿ ಬಿಟ್ಟು ಪೆನ್ನಿನ ತುದಿ ಒತ್ತಿದೆ. ಅವನು ತಾಳ್ಮೆಯಿಂದ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, "ಇನ್ನಾ ಶುರು ಮಾಡಿಲ್ಲೇನು?"

ನಾನು ಅವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವನು ಕಣ್ಣು ತೆರೆದು ಪೆನ್ನು ನೋಡಿದ. ಪಾದದ ಮೇಲೆ ನೀಲಿ ಚುಕ್ಕೆಗಳನ್ನು ನೋಡಿದ.

ಸಕ್ಕರೆ ಕಾಯಿಲೆ ಹನ್ನೆರಡು ವರ್ಷದ್ದು ಎಂದು ಗೊತ್ತಿತ್ತು. ಕಾಲು ಇಷ್ಟು ಜೋಮು ಹಿಡಿದದ್ದು ಗೊತ್ತಿರಲಿಲ್ಲ. ಎಡಗಾಲಿಗೆ ಸ್ವಲ್ಪ ಗೊತ್ತಾಗುತ್ತದೆ, ಬಲಗಾಲಿಗೆ ಎರಡು ವರ್ಷದಿಂದ ಏನೂ ಇಲ್ಲ ಎಂದು ಮೆಲ್ಲಗೆ ಹೇಳಿದ. ಒಂದು ಸಲ ಅಂಗಡಿಯಿಂದ ಮನೆಗೆ ಹೋದಾಗ ಹೆಂಡತಿ ಕೇಳಿದಳಂತೆ, ಇನ್ನೊಂದು ಚಪ್ಪಲಿ ಎಲ್ಲಿ ಎಂದು.

"ಮತ್ತ ಬ್ರೇಕ್ ಹೆಂಗ ಹಾಕ್ತಿ?" ಅಂದೆ. ಗಾಡಿಯ ಹಿಂದಿನ ಬ್ರೇಕು ಬಲಗಾಲಿನಲ್ಲೇ ಅಲ್ಲವೇ.

"ನಲವತ್ತು ವರ್ಷದ ರೂಢಿ ಐತಿ. ಕಾಲಿಗೆ ಗೊತ್ತಿಲ್ಲಂದ್ರೂ ನನಗ ಗೊತ್ತೈತಿ." ಆಮೇಲೆ ನನ್ನ ಕೈ ಹಿಡಿದ. ಅವನು ಹಾಗೆ ಎಂದೂ ಹಿಡಿದವನಲ್ಲ. "ಇದೊಂದು ಸಲ, ನರ್ಸಮ್ಮ. ಹೋಗಿ ಬಂದ ಮ್ಯಾಲೆ ಗಾಡಿ ಮಾರಿಬಿಡ್ತೀನಿ. ಯಾರ ಮುಂದೂ ಅನಬ್ಯಾಡ."

ನಾನು ಹ್ಞೂಂ ಅನ್ನಲಿಲ್ಲ. ಉಹ್ಞೂಂ ಎಂದೂ ಅನ್ನಲಿಲ್ಲ. ಔಷಧ ಬರೆದುಕೊಟ್ಟು, ದಿನಾ ತೊಳೆದು ಕಟ್ಟಿಕೊಳ್ಳಲು ಹೇಳಿ, ಬಸ್ಸು ಹತ್ತಿದೆ. ನನ್ನ ಜೀವನದಲ್ಲಿ ನಾನು ನರ್ಸ್ ಕೆಲಸವನ್ನು ಅರ್ಧ ಮಾಡಿ ಬಂದದ್ದು ಅದೊಂದು ದಿನ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಸಾಮಾನಿನ ಪಟ್ಟಿ ಮಾಡುತ್ತಿದ್ದೆ: ಮಳೆಕೋಟು, ಟ್ಯೂಬು, ಪಂಪು, ಮಾತ್ರೆ. ಬರೆಯುವ ಕೈ ನಡುವೆ ನಿಂತುಬಿಡುತ್ತಿತ್ತು. ಘಾಟಿಯ ಇಳಿಜಾರು, ಮುಂದೆ ಲಾರಿ, ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಗೊತ್ತಿಲ್ಲದ ಅಣ್ಣ. ಹೇಳಿಬಿಡಬೇಕು ಎಂದು ಫೋನು ಎತ್ತಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸಾವಕಾರರೇ ಫೋನು ಮಾಡಿ, "ಬ್ಯಾನರ್ ಬಂದೈತ್ರೀ, ತೆಲುಗು, ಕನ್ನಡ, ತಮಿಳು ಮೂರೂ ಹಾಕಿಸೀನಿ. ತೆಲಂಗಾಣದ ಟಿ.ಎಸ್. ನಂಬರಿನ ಹೊಸ ಗಾಡಿಯವರು ನಮ್ಮ ಆಂಧ್ರ ಕಾಲದ ಹಳೇ ಎ.ಪಿ. ಪ್ಲೇಟು ನೋಡಿ ಸಲಾಮ್ ಹೊಡೀಬೇಕು," ಎಂದು ಖುಷಿಯಿಂದ ಹೇಳುತ್ತಿದ್ದರು. ನಾನು ಚೆನ್ನಾಗಿದೆ ಎಂದು ಫೋನು ಇಡುತ್ತಿದ್ದೆ.

ಮುಂದಿನ ಭಾನುವಾರ ಮತ್ತೊಂದು ತಾಲೀಮು, ಮಕ್ತಲ್‌ನಿಂದ ನಾರಾಯಣಪೇಟೆಗೆ. ಎಂದಿನಂತೆ ನಾನು ಕೊನೆಗೆ ಹೋಗಬೇಕಿತ್ತು, ಆದರೆ ಅಂದು ಸಾವಕಾರರನ್ನು ಹಿಂದೆ ಬಿಟ್ಟು ಅಣ್ಣನ ಬೆನ್ನ ಹಿಂದೆಯೇ ಹೊರಟೆ. ಊರು ದಾಟಿದ ಕೂಡಲೇ ನೋಡಿದೆ. ಅವನ ಗಾಡಿಯ ಹಿಂದಿನ ಕೆಂಪು ದೀಪ ಹತ್ತಿತ್ತು. ಒಂದು ಮೈಲು ಹೋದರೂ ಆರಲಿಲ್ಲ. ಅವನ ಪಾದ ಬ್ರೇಕಿನ ಮೇಲೇ ಇತ್ತು, ಒತ್ತುತ್ತಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನನಗೆ ಗಾಡಿ ಕಲಿಸುವಾಗ ಇದೇ ತಪ್ಪಿಗೆ ಎಷ್ಟು ಬೈದಿದ್ದ! ಹೀಗೆ ಒತ್ತಿಕೊಂಡೇ ಹೋದರೆ ಚಕ್ರದ ಡ್ರಮ್ಮು ಕಾದು, ಬೇಕಾದಾಗ ಬ್ರೇಕು ಹಿಡಿಯುವುದಿಲ್ಲ.

ಹಾರ್ನು ಹೊಡೆದೆ. ಅವನು ಎಡಗೈ ಎತ್ತಿ ಬೀಸಿದ, ಆರಾಮ ಇದ್ದೇನೆ ಎಂಬಂತೆ. ಮತ್ತೆ ಹೊಡೆದೆ. ಅವನು ವೇಗ ಹೆಚ್ಚಿಸಿದ.

ತಿರುವಿನ ಆಚೆ ಕುರಿಗಳ ಹಿಂಡು ರಸ್ತೆ ತುಂಬ ನಿಂತಿತ್ತು. ಅಣ್ಣ ಬ್ರೇಕು ತುಳಿದದ್ದು ಕಾಣಿಸಿತು, ಗಾಡಿ ನಿಲ್ಲಲಿಲ್ಲ. ಕೈ ಬ್ರೇಕು ಜೋರಾಗಿ ಹಿಡಿದ. ಮುಂದಿನ ಚಕ್ರ ಜಾರಿತು. ಗಾಡಿ ಅಡ್ಡಡ್ಡ ಹೋಗಿ, ರಸ್ತೆ ಇಳಿದು, ಹತ್ತಿ ಹೊಲದ ಬದುವಿಗೆ ಸಿಕ್ಕು ನಿಂತಿತು. ಒಂದು ಕುರಿಗೂ ತಾಗಲಿಲ್ಲ, ಅಣ್ಣನಿಗೂ ಪೆಟ್ಟಾಗಲಿಲ್ಲ. ಕುರಿ ಕಾಯುವ ಮುದುಕಿ ಕೋಲು ಎತ್ತಿಕೊಂಡು, ಕಣ್ಣು ಕಾಣಿಸುವುದಿಲ್ಲವೇನು ಎಂದು ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದಳು. ಹಿಂದಿನ ಚಕ್ರದಿಂದ ಹೊಗೆ ಬರುತ್ತಿತ್ತು.

ಸಾವಕಾರರು ಓಡಿ ಬಂದರು. "ಏನಾತ್ರೀ ಅಣ್ಣ?"

"ಬ್ರೇಕ್ ಟೈಟ್ ಆಗಿತ್ತು. ನಾನೇ ನಿನ್ನೆ ಬಿಗಿ ಮಾಡಿದ್ದೆ," ಎಂದ ಅಣ್ಣ. ಹೇಳಿ ನನ್ನ ಕಡೆ ನೋಡಿದ.

ನಾನು ಬಾಯಿ ಬಿಡಬಹುದಿತ್ತು. ಅಲ್ಲೇ, ಆ ಹೊಲದ ಬದುವಿನ ಮೇಲೆ. ಬಿಡಲಿಲ್ಲ. ಬಗ್ಗಿ ಅವನ ಗಾಡಿಗೆ ಸಿಕ್ಕಿಕೊಂಡಿದ್ದ ಹತ್ತಿ ಕಡ್ಡಿಗಳನ್ನು ಬಿಡಿಸುತ್ತ ನಿಂತೆ.

ಹೊರಡಲು ಐದು ದಿನ ಉಳಿದಿತ್ತು. ಅಣ್ಣ ಮಕ್ತಲ್‌ನ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಫಾರಮ್ಮು. ಅವನ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ಹೊಸದಾಗಿ ಮಾಡಿಸಲು ಗಾಡಿ ಓಡಿಸುವಷ್ಟು ಮೈ ಗಟ್ಟಿ ಇದೆ ಎಂದು ಡಾಕ್ಟರರ ಸಹಿ ಬೇಕಿತ್ತು.

"ನಿನ್ನ ಜೋಡಿ ಕೆಲಸ ಮಾಡಿದ ಡಾಕ್ಟರು ಇದ್ದಾರಲ್ಲ. ನೀ ಹೇಳಿದ್ರ ನೋಡಲಾರದ ಸಹಿ ಹಾಕ್ತಾರ."

ಹೌದು, ಅವರು ನನ್ನನ್ನು ಅಷ್ಟು ನಂಬುತ್ತಿದ್ದರು. ಆ ಕಾಗದ ನೋಡಿದ ಮೇಲೆ ನನಗೆ ಬಾಯಿ ಬಂತು. "ಆಗೂದಿಲ್ಲ, ಅಣ್ಣ," ಅಂದೆ. "ನಾಳೆ ರಾಯಚೂರಿಗೆ ಹೋಗೂಣು. ದೊಡ್ಡ ಡಾಕ್ಟರು ನೋಡಿ, ಹೊಡೀಬಹುದು ಅಂದ್ರ ನಾನೇ ನಿನ್ನ ಬ್ಯಾಗ್ ಕಟ್ತೀನಿ."

"ಅಂದ್ರ ನನ್ನ ಮ್ಯಾಲೆ ನಂಬಿಕಿ ಇಲ್ಲ."

"ನಿನ್ನ ಕಾಲಿನ ಮ್ಯಾಲೆ ಇಲ್ಲ."

ಅವನು ಎದ್ದು ನಿಂತ. ಕಪ್ಪು ಮುಖ ಇನ್ನಷ್ಟು ಕಪ್ಪಾಯಿತು. "ನಿನಗ ಗಾಡಿ ಕಲಿಸಿದ್ದು ಯಾರು?" ಅಂದ. ಫಾರಮ್ಮು ಮಡಚಿ ಜೇಬಿಗಿಟ್ಟುಕೊಂಡು, ಕೊಟ್ಟ ನೀರೂ ಕುಡಿಯದೆ ಹೊರಟುಹೋದ. ಅವನ ಗಾಡಿಯ ಸದ್ದು ಬಸ್ ಸ್ಟ್ಯಾಂಡಿನ ಕಡೆ ತಿರುಗಿ ಕೇಳಿಸದಾಗುವ ತನಕ ಬಾಗಿಲಲ್ಲೇ ನಿಂತಿದ್ದೆ. ಈ ಸಿಟ್ಟಿನಲ್ಲಿ, ಆ ಕಾಲಿನಲ್ಲಿ, ಗದ್ವಾಲದ ತನಕ ಹೇಗೆ ಹೋಗುತ್ತಾನೆ? ಒಂದು ಗಂಟೆ ತಡೆದುಕೊಂಡು ಅವನ ಮನೆಗೆ ಫೋನು ಮಾಡಿದೆ. ಅತ್ತಿಗೆ ಎತ್ತಿದಳು. ಬಂದಿದ್ದಾನೆ ಎಂದಳು. ಉಸಿರು ಬಿಟ್ಟು, ನಿಲ್ಲದೆ ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತಿಗೆ, "ನನಗ ಗೊತ್ತೈತಿ, ನರ್ಸಮ್ಮ," ಅಂದಳು. "ಪಾದ ವಾಸನಿ ಬರಾಕ ಹತ್ತೇತಿ. ನಾ ಹೇಳಿದ್ರ ನಾ ಅವರ ಗಾಡಿ ಮ್ಯಾಲೆ ಹೊಟ್ಟಿಕಿಚ್ಚು ಪಡ್ತೀನಿ ಅಂತಾರ. ನೀವರ ಹೇಳ್ತೀರಿ ಅಂತ ಕಾಯಾಕ ಹತ್ತಿದ್ದೆ."

ನಾನು ಅವಳಿಗಾಗಿ ಕಾಯುತ್ತಿರಲಿಲ್ಲ. ಆದರೆ ಅವಳು ನನಗಾಗಿ ಕಾಯುತ್ತಿದ್ದಳು. ಆ ಮಾತು ನನ್ನನ್ನು ಅಣ್ಣನ ಸಿಟ್ಟಿಗಿಂತ ಹೆಚ್ಚು ಸುಟ್ಟಿತು.

ಮರುದಿನ ಬೆಳಿಗ್ಗೆ ಸಾವಕಾರರಿಗೆ ಹೇಳಿದೆ. ಅವರು ನನ್ನ ಮೇಲೇ ರೇಗಿದರು. "ಕುರಿ ಮುಂದ ಗಾಡಿ ಜಾರಿದಾಗೇ ಯಾಕ ಹೇಳಲಿಲ್ಲ? ಅವ ಸತ್ತಿದ್ರ?" ಆಮೇಲೆ ಇಬ್ಬರೂ ಗದ್ವಾಲಕ್ಕೆ ಹೋದೆವು. ಅಣ್ಣ ಕೂಗಾಡಿದ, ಸ್ಪ್ಯಾನರ್ ಎಸೆದ, ನನ್ನನ್ನು ಕಣ್ಣೆತ್ತಿ ನೋಡಲಿಲ್ಲ. ಕೊನೆಗೆ ಅತ್ತಿಗೆ ಗಾಡಿಯ ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, "ಜೀಪು ಕರಿಸೀನಿ. ಏಳ್ರಿ," ಅಂದಳು. ಅವನು ಎದ್ದ.

ರಾಯಚೂರಿನ ಡಾಕ್ಟರು ಪಾದ ನೋಡಿ, ಎಕ್ಸ್‌ರೇ ತೆಗೆಸಿ, ಅಂದೇ ಸೇರಿಸಿಕೊಂಡರು. ಕಿರುಬೆರಳಿನ ಎಲುಬಿಗೆ ಕೀವು ಇಳಿದಿತ್ತು. ಬೆರಳು ತೆಗೆಯಬೇಕು ಎಂದರು. ಇನ್ನು ಹತ್ತು ದಿನ ಬಿಗಿ ಬೂಟಿನಲ್ಲಿ ಕಾಲಿಟ್ಟು ಗಾಡಿ ಓಡಿಸಿದ್ದರೆ ಪಾದವೇ ಹೋಗುತ್ತಿತ್ತು ಎಂದೂ ಹೇಳಿದರು. ಅತ್ತಿಗೆ ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡಳು. ನಾನು ಡಾಕ್ಟರರನ್ನು ಹೊರಗೆ ನಿಲ್ಲಿಸಿ ಕೇಳಿದೆ, "ಎರಡು ವಾರ ಮೊದಲು ಕರಕೊಂಡು ಬಂದಿದ್ರ?"

"ಬೆರಳು ಉಳೀತಿತ್ತೇನೋ," ಅಂದರು.

ಹೊರಡುವ ದಿನವನ್ನು ಮುಂದೂಡೋಣ ಎಂದು ಸಾವಕಾರರು ಆಸ್ಪತ್ರೆಯಲ್ಲಿ ಹೇಳಿದಾಗ ಅಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹಾಗೆಯೇ ಹೇಳಿದ, "ಆ ಮಕ್ಕಳು ನನ್ನ ಬೆರಳಿನ ಸಲುವಾಗಿ ಕಾಯಬೇಕೇನು? ಹೋಗ್ರಿ." ಅದು ಸಾವಕಾರರಿಗೆ ಹೇಳಿದ್ದು. ನನಗಲ್ಲ. ಹೊರಡುವ ಹಿಂದಿನ ದಿನ ಅತ್ತಿಗೆ ಬಸ್ಸಿನಲ್ಲಿ ಒಂದು ಪೊಟ್ಟಣ ಕಳಿಸಿದಳು. ಕ್ಲಚ್ಚಿನ ತಂತಿ, ಚೈನಿನ ಕೊಂಡಿ, ನನ್ನ ಗಾಡಿಗೆ ಬೇರೆ, ಸಾವಕಾರರ ಗಾಡಿಗೆ ಬೇರೆ, ದಾರ ಸುತ್ತಿ ಕಟ್ಟಿದ್ದು. ಅಣ್ಣನೇ ಮಲಗಿದಲ್ಲಿಂದ ಹೇಳಿ ಅಂಗಡಿಯಿಂದ ತರಿಸಿ ಕಟ್ಟಿಸಿದ್ದನಂತೆ. ಚೀಟಿ ಇರಲಿಲ್ಲ.

ಹೋಗಿ ಬಂದೆವು, ಇಬ್ಬರೇ. ಮಕ್ತಲ್‌ನ ಶಿಬಿರದಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ ಬಂದರು. ದಾರಿಯಲ್ಲಿ ಮಳೆ, ಗಾಳಿ, ಒಂದು ಕಡೆ ಸಾವಕಾರರ ಚೈನು ಹರಿದು, ಅಣ್ಣ ಕಳಿಸಿದ ಕೊಂಡಿಯೇ ಕೆಲಸಕ್ಕೆ ಬಂತು. ಪ್ರತಿ ಊರಿನಲ್ಲೂ ಹುಡುಗ ಹುಡುಗಿಯರು ಸಾಲಾಗಿ ನಿಂತು ತೋಳು ಚಾಚಿದರು. ಪ್ರತಿ ಊರಿನಿಂದಲೂ ಅಣ್ಣನಿಗೆ ಫೋನು ಮಾಡಿದೆ. ಪ್ರತಿ ಸಲವೂ ಅತ್ತಿಗೆಯೇ ಎತ್ತಿದಳು. ಸಮುದ್ರದ ಮುಂದೆ ನಿಂತಾಗ ಸಾವಕಾರರು ಮಗುವಿನ ಹಾಗೆ ನೀರಿಗೆ ಇಳಿದರು. ನಾನು ದಂಡೆಯ ಮೇಲೆ ಕೂತು, ಗಾಯ ಒಣಗುತ್ತಿದೆಯೋ ಇಲ್ಲವೋ ಎಂದು ಮತ್ತೆ ಫೋನು ಮಾಡುತ್ತಿದ್ದೆ. ಮರಳುವ ದಿನ ಗದ್ವಾಲದ ಶಿಬಿರಕ್ಕೆ ಅಣ್ಣ ಬರುತ್ತಾನೆಂದು ಕಾದೆ. ಬರಲಿಲ್ಲ.

ಏಳು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ಭಾನುವಾರಗಳು ಸುಮ್ಮನೆ ಕಳೆದವು. ಗಾಡಿಯ ಮೇಲೆ ಬಟ್ಟೆ ಹೊದಿಸಿಟ್ಟೆ. ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಅಣ್ಣ ನಿಂತಿದ್ದ. ಬಸ್ಸಿನಲ್ಲಿ ಬಂದಿದ್ದ. ಕಾಲಿಗೆ ಮೆತ್ತನೆಯ ದಪ್ಪ ಅಡಿಯ ಚಪ್ಪಲಿ, ಪಟ್ಟಿ ಬಿಗಿದದ್ದು. ತೂಕ ಇಳಿದಿತ್ತು.

ಒಳಗೆ ಬಂದು ಕೂತು, ಕೇಳದೆಯೇ ನೀರು ಕುಡಿದ. ನಾನು ಎಷ್ಟೋ ದಿನ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು ತೊದಲಿಕೊಂಡೇ ಹೊರಗೆ ಬಂತು. "ಅಣ್ಣ, ಮೊದಲ ದಿನಾನ ಹೇಳಬೇಕಿತ್ತು ನಾ. ಬೆರಳು ಉಳೀತಿತ್ತು."

"ಮೊದಲ ದಿನ ಹೇಳಿದ್ರೂ ನಾ ಇಷ್ಟ ಬೈತಿದ್ದೆ," ಅಂದ. ಖಾಲಿ ಲೋಟ ಕೆಳಗಿಟ್ಟು, "ಮಾತು ಬಿಟ್ಟಿದ್ದು ನನ್ನ ತಪ್ಪು. ಹೆಂಗ ಶುರು ಮಾಡಬೇಕು ಗೊತ್ತಾಗಲಿಲ್ಲ," ಅಂದ. ಆಮೇಲೆ ಬಂದ ಕೆಲಸ ಹೇಳಿದ. ಗೇರಿಲ್ಲದ ಸ್ಕೂಟರಿಗೆ ಎರಡೂ ಬ್ರೇಕು ಕೈಯಲ್ಲೇ ಇರುತ್ತವಲ್ಲ, ಊರೊಳಗೆ ಅದನ್ನು ನಿಧಾನ ಓಡಿಸಬಹುದೆಂದು ಡಾಕ್ಟರು ಪರೀಕ್ಷೆ ಮಾಡಿಯೇ ಬರೆದುಕೊಟ್ಟಿದ್ದಾರೆ ಎಂದು ಕಾಗದ ತೋರಿಸಿದ. ನಾನು ಸಹಿ, ಸೀಲು ಎರಡನ್ನೂ ನೋಡಿದೆ. ನಾನು ನೋಡಲಿ ಎಂದೇ ಅವನು ಕೊಟ್ಟಿದ್ದ.

ಅದೇ ದಿನ ರಾಯಚೂರಿಗೆ ಹೋದೆವು. ಅಂಗಡಿಯಲ್ಲಿ ಸಾಲಾಗಿ ನಿಂತ ಸ್ಕೂಟರುಗಳನ್ನು ಅಣ್ಣ ಮದುವೆಗೆ ಹೆಣ್ಣು ನೋಡಲು ಬಂದ ಜಿಪುಣ ಮಾವನ ಹಾಗೆ ನೋಡಿದ. "ಸದ್ದ ಇಲ್ಲ ಇದಕ್ಕ. ಮಿಕ್ಸರ್ ಐತಿ ಇದು," ಎಂದು ಗೊಣಗಿದ. ಕೊನೆಗೆ ಬೂದು ಬಣ್ಣದ್ದೊಂದರ ಮುಂದೆ ನಿಂತ. ಅಂಗಡಿಯವನು ಕೀಲಿ ಕೊಟ್ಟು, ಎದುರಿನ ಬೀದಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ ಅಂದ.

ಅಣ್ಣ ಕೂತು, ಎರಡೂ ಬ್ರೇಕುಗಳನ್ನು ಮೂರ್ನಾಲ್ಕು ಸಲ ಹಿಡಿದು ಬಿಟ್ಟ. ಬಗ್ಗಿ ಕಾಲು ಸರಿಯಾಗಿ ಇಟ್ಟಿದ್ದೇನೆಯೇ ಎಂದು ಕಣ್ಣಿನಿಂದ ನೋಡಿಕೊಂಡ. ನನ್ನ ಕಡೆ ನೋಡದೆ ಹೊರಟ. ಮಧ್ಯಾಹ್ನದ ಬಿಸಿಲು, ಬೀದಿ ತುಂಬ ಆಟೋ, ಎತ್ತಿನ ಗಾಡಿ, ಶಾಲೆ ಬಿಟ್ಟ ಮಕ್ಕಳು. ಅವನು ತಿರುವಿನಲ್ಲಿ ಕಾಣದಾದ. ಅಂಗಡಿಯವನು ಕುರ್ಚಿ ಹಾಕಿ, "ಕೂಡ್ರಿ ಅಮ್ಮ," ಅಂದ. ನಾನು ಕೂಡಲಿಲ್ಲ. ಅವನು ಮರಳಿ ಬರುವ ತನಕ ಬಾಗಿಲಲ್ಲಿ ನಿಂತೇ ಇದ್ದೆ.